ಸ್ವಿಫ್ಟ್ ಕಾರಿನ ಡಿಕ್ಕಿಗೆ ಫೈಬರ್ ಸಬ್‌ವೂಫರ್ ಪೆಟ್ಟಿಗೆ: ಮಲ್ಪೆಯ ದೋಣಿ ಶೆಡ್ಡಿನ ಕೆಲಸ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ. ಕಾರಿಗೆ ಫೈಬರ್ ಗ್ಲಾಸಿನ ಸಬ್‌ವೂಫರ್ (ತಗ್ಗು ದನಿಯ ದೊಡ್ಡ ಸ್ಪೀಕರ್) ಪೆಟ್ಟಿಗೆ ಮಾಡಿಸಬೇಕು ಅಂತಿರುವ ಉಡುಪಿ ಕಡೆಯವರು ಬೆಂಗಳೂರಿನ ಜೆ.ಸಿ. ರಸ್ತೆವರೆಗೆ ಹೋಗಬೇಕಾಗಿಲ್ಲ. ಮಲ್ಪೆಯಿಂದ ಸೇತುವೆ ದಾಟಿ ಪಡುಕೆರೆ ಕಡೆ ಹೋದರೆ ದೋಣಿಗಳ ಫೈಬರ್ ರಿಪೇರಿ ಮಾಡುವ ಒಂದು ಶೆಡ್ ಉಂಟು. ಬೋರ್ಡಿಲ್ಲ, ಹೆಸರಿಲ್ಲ. ಹೊರಗೆ ಕವುಚಿ ಹಾಕಿದ ದೋಣಿಗಳೇ ಗುರುತು. ನನ್ನ ಪೆಟ್ಟಿಗೆ ಮಾಡಿಕೊಟ್ಟದ್ದು ಅಲ್ಲಿಯ ಅಣ್ಣ. ಕೆಲಸ ತುಂಬಾ ಚೆನ್ನಾಗಿದೆ. ಆದರೆ ಅವರಿಂದ ಏನು ಮಾಡಿಸಬೇಕು, ಏನನ್ನು ಬೇರೆ ಕಡೆ ಮಾಡಿಸಬೇಕು ಅನ್ನುವುದು ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಫೈಬರೇ ಯಾಕೆ ಅಂದರೆ, ಜಾಗ. ನನ್ನದು 2019ರ ಸ್ವಿಫ್ಟ್. ಡಿಕ್ಕಿ 268 ಲೀಟರ್ ಅಂತ ಕಂಪನಿಯ ಲೆಕ್ಕ. ಅಂಗಡಿಯಲ್ಲಿ ಸಿಗುವ 10 ಇಂಚಿನ ಸ್ಪೀಕರಿನ ರೆಡಿಮೇಡ್ ಪೆಟ್ಟಿಗೆ ಇಟ್ಟರೆ ನಡುವಿನ ಜಾಗ ಪೂರ್ತಿ ಅದಕ್ಕೇ ಹೋಗುತ್ತದೆ. ಊರಿಂದ ತೆಂಗಿನಕಾಯಿ ಚೀಲ ತರುವುದು ಹೇಗೆ? ಪಂಕ್ಚರ್ ಆದರೆ ಕೆಳಗಿನ ಸ್ಟೆಪ್ನಿ ತೆಗೆಯುವುದು ಹೇಗೆ? ಅದೇ ಚಕ್ರದ ಗುಬ್ಬಿನ ಹಿಂದೆ, ಎಡ ಮೂಲೆಯಲ್ಲಿ, ಯಾವುದಕ್ಕೂ ಆಗದ ಒಂದು ಗುಂಡಿ ಸುಮ್ನೆ ಬಿದ್ದಿರುತ್ತದೆ. ಹಲಗೆಯ ಪೆಟ್ಟಿಗೆ ಅಲ್ಲಿ ಕೂರುವುದಿಲ್ಲ. ಫೈಬರ್ ಆದರೆ ಆ ಗುಂಡಿಯ ಅಚ್ಚನ್ನೇ ತೆಗೆದುಕೊಳ್ಳುತ್ತದೆ.

ಇನ್ನೊಂದು ಕಾರಣ ನಮ್ಮ ಮಳೆಗಾಲ. ರೆಡಿಮೇಡ್ ಪೆಟ್ಟಿಗೆಗೆ ಬಳಸುವ, ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಕರಾವಳಿಗೆ ಆಗಿಬರುವುದಿಲ್ಲ. ಒಂದು ಸಲ ಅಂಚಿಗೆ ನೀರು ತಾಗಿದರೆ ಊದಿಕೊಳ್ಳುತ್ತದೆ, ಮತ್ತೆ ಸ್ಕ್ರೂ ಹಿಡಿಯುವುದಿಲ್ಲ. ಸ್ಕ್ರೂ ಸಡಿಲವಾದರೆ ಗಾಳಿ ಸೋರುತ್ತದೆ, ಸೌಂಡ್ ಹಾಳು. ಈ ಅಣ್ಣನ ಹತ್ತಿರ ಹೋಗಲು ನನಗೆ ಧೈರ್ಯ ಬಂದದ್ದು ಅದಕ್ಕೇ. ಉಪ್ಪುನೀರಲ್ಲಿ ವರ್ಷಗಟ್ಟಲೆ ನಿಲ್ಲುವ ಹಾಗೆ ಫೈಬರ್ ಕಟ್ಟುವವರಿಗೆ ಒಂದು ಪೆಟ್ಟಿಗೆ ಕಷ್ಟ ಅಲ್ವಲ್ಲ!

ಅವರಿಗೆ ಸ್ಪೀಕರ್ ಲೆಕ್ಕ ಬರುವುದಿಲ್ಲ. ಅದನ್ನು ಅವರೇ ಮೊದಲು ಹೇಳಿದರು. “ಎಷ್ಟು ದೊಡ್ಡದು ಬೇಕು ಅಂತ ನೀವು ಹೇಳಿ ಮಾರಾಯ್ರೇ, ಗಟ್ಟಿ ಮಾಡುವುದು ನನ್ನ ಜವಾಬ್ದಾರಿ.” ಹಾಗಾಗಿ ಲೆಕ್ಕ ನಿಮ್ಮದೇ. ಸಬ್‌ವೂಫರ್ ಜೊತೆ ಬರುವ ಹಾಳೆಯಲ್ಲಿ ಪೆಟ್ಟಿಗೆಯ ಒಳಗಿನ ಗಾತ್ರ ಕೊಟ್ಟಿರುತ್ತಾರೆ. ನನ್ನದರಲ್ಲಿ ಸೀಲ್ಡ್, ಅಂದರೆ ಎಲ್ಲೂ ಗಾಳಿ ಹೋಗದ ಹಾಗೆ ಮುಚ್ಚಿದ ಪೆಟ್ಟಿಗೆಗೆ 0.7 ಘನ ಅಡಿ ಅಂತ ಇತ್ತು. ಒಂದು ಘನ ಅಡಿ ಅಂದರೆ 28.3 ಲೀಟರ್. ಅಲ್ಲಿಗೆ ಸುಮಾರು 20 ಲೀಟರ್ ಆಯಿತು. ಸ್ಪೀಕರಿನ ಮ್ಯಾಗ್ನೆಟ್, ಚಾಸಿ ಒಳಗೆ ಹೋಗಿ ಕೂರುತ್ತದಲ್ಲ, ಅದಕ್ಕೆ ಒಂದೂವರೆ ಲೀಟರ್ ಸೇರಿಸಿ ಇಪ್ಪತ್ತೊಂದೂವರೆ ಅಂತ ಬರೆದುಕೊಟ್ಟೆ.

ಕೆಲಸ ಶುರುವಾಗುವ ಮೊದಲು ಡಿಕ್ಕಿಯ ಕಾರ್ಪೆಟ್ ಎಲ್ಲಾ ತೆಗೆಸಿದರು. ಗುಂಡಿಯ ಒಳಗೆ ಮಾಸ್ಕಿಂಗ್ ಟೇಪ್, ಅದರ ಮೇಲೆ ಅಲ್ಯುಮಿನಿಯಂ ಫಾಯಿಲ್, ಅದರ ಮೇಲೆ ಮೇಣ. ಸೀಟಿಗೆ, ಬಂಪರಿಗೆ ಪ್ಲಾಸ್ಟಿಕ್ ಹೊದಿಸಿದರು. ಫೈಬರನ್ನು ಗಟ್ಟಿ ಮಾಡುವ ಅಂಟಿನಂಥ ರೆಸಿನ್ ಒಂದು ಹನಿ ಬಣ್ಣದ ಮೇಲೆ ಬಿದ್ದರೆ ಮತ್ತೆ ಹೋಗುವುದಿಲ್ಲ. ನನ್ನ ಕಾರಿಗೆ ಎಲ್ಲೂ ಬೀಳಲಿಲ್ಲ.

ಇಲ್ಲಿ ದೋಣಿಯ ಅನುಭವ ಕೆಲಸಕ್ಕೆ ಬಂತು. ಗುಂಡಿಯ ಒಳಗೆ ಕೆಳಗಡೆ ಒಂದು ಆಳದ ಕೊರಕಲು ಇದೆ. ಅಲ್ಲಿವರೆಗೂ ಫೈಬರ್ ಹೋಗಲಿ, ಒಂದು ಲೀಟರ್ ಜಾಸ್ತಿ ಸಿಗುತ್ತದೆ ಅಂತ ನನ್ನ ಆಸೆ. ಅಣ್ಣ ಕೈ ಹಾಕಿ ತಡವಿ ನೋಡಿ, ಬೇಡ ಅಂದರು. ಅಲ್ಲಿ ಫೈಬರ್ ಗಟ್ಟಿಯಾದರೆ ಕೊಕ್ಕೆಯ ಹಾಗೆ ಸಿಕ್ಕಿಕೊಳ್ಳುತ್ತದೆ, ಪೆಟ್ಟಿಗೆ ಹೊರಗೇ ಬರುವುದಿಲ್ಲ. ಕೊರಕಲಿಗೆ ಥರ್ಮಾಕೋಲ್ ತುಂಬಿ ಸಪಾಟು ಮಾಡಿದರು. ಅಚ್ಚಿನಿಂದ ದೋಣಿ ಬಿಡಿಸಿ ಗೊತ್ತಿರುವವರಿಗೆ ಮಾತ್ರ ಹೊಳೆಯುವ ವಿಷಯ ಇದು.

ಬಳಸಿದ್ದು ಚದರ ಮೀಟರಿಗೆ 450 ಗ್ರಾಂ ತೂಗುವ ಗಾಜಿನ ನಾರಿನ ಮ್ಯಾಟ್ ಮತ್ತು ಪಾಲಿಯೆಸ್ಟರ್ ರೆಸಿನ್. ರೆಸಿನ್‌ಗೆ ಮೊದಲು ಬೇಗ ಗಟ್ಟಿಯಾಗಲು ನೆರವಾಗುವ ಕೋಬಾಲ್ಟ್ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಗಟ್ಟಿ ಮಾಡುವ ಕ್ಯಾಟಲಿಸ್ಟ್ ಹಾಕುತ್ತಾರೆ. ಮನೆಯಲ್ಲೇ ಮಾಡುತ್ತೇನೆ ಅನ್ನುವವರು ಈ ಸಾಲನ್ನು ಎರಡು ಸಲ ಓದಿ: ಕೋಬಾಲ್ಟ್ ಮತ್ತು ಕ್ಯಾಟಲಿಸ್ಟ್ ಎರಡನ್ನೂ ನೇರವಾಗಿ ಒಟ್ಟಿಗೆ ಸೇರಿಸಲೇಬಾರದು, ಬೆಂಕಿ ಹತ್ತಬಹುದು, ಸಿಡಿಯಬಹುದು. ಶೆಡ್ಡಿನಲ್ಲಿ ಎರಡು ಬಾಟಲಿಗಳನ್ನೂ ಎರಡು ಬೇರೆ ಬೇರೆ ಮೂಲೆಯಲ್ಲಿ ಇಟ್ಟಿದ್ದಾರೆ. ನನಗೆ ಅವರ ಮೇಲೆ ಪೂರ್ತಿ ನಂಬಿಕೆ ಬಂದದ್ದು ಅದನ್ನು ನೋಡಿಯೇ.

ಕೈಯಲ್ಲಿ ಹಾಕುವ ಒಂದು ಪದರ ಸುಮಾರು ಒಂದು ಮಿಲಿಮೀಟರ್ ಬರುತ್ತದೆ. ಒಂದೇ ಸಲ ದಪ್ಪ ಮಾಡಲು ಹೋದರೆ ರೆಸಿನ್ ಬಿಸಿಯೇರಿ ಬಿರುಕು ಬಿಡುತ್ತದೆ. ಅದಕ್ಕೆ ಮೊದಲು ಎರಡು ಪದರ ಹಾಕಿ, ಗಟ್ಟಿಯಾದ ಮೇಲೆ ಚಿಪ್ಪನ್ನು ಹೊರಗೆ ತೆಗೆದು, ಉಳಿದದ್ದನ್ನು ಶೆಡ್ಡಿನಲ್ಲೇ ಹಾಕಿದರು. ಒಟ್ಟು ಆರು ಪದರ. ಪ್ರತಿ ಪದರಕ್ಕೂ ಕಬ್ಬಿಣದ ಪುಟ್ಟ ರೋಲರ್ ಓಡಿಸಿ ಗುಳ್ಳೆ ತೆಗೆಯುತ್ತಾರೆ. ಮ್ಯಾಟ್ ಮೊದಲು ಬೆಳ್ಳಗಿರುತ್ತದೆ. ರೆಸಿನ್ ಕುಡಿದ ಹಾಗೆ ಪಾರದರ್ಶಕ ಆಗುತ್ತದೆ. ಎಲ್ಲಿ ಬಿಳಿ ಚುಕ್ಕೆ ಉಳಿಯಿತೋ ಅಲ್ಲಿ ಗಾಳಿ ಉಂಟು ಅಂತ ಅರ್ಥ. ಅವರು ಟಾರ್ಚ್ ಹಿಡಿದು ಒಂದೊಂದೇ ಚುಕ್ಕೆ ಹುಡುಕುವುದನ್ನು ನೋಡುತ್ತಾ ನಿಂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.

ಸ್ಪೀಕರ್ ಕೂರುವ ರಿಂಗ್‌ಗೆ 18 ಮಿಲಿಮೀಟರ್ ಮರೈನ್ ಪ್ಲೈವುಡ್ ಹಾಕಿದರು. ಅದನ್ನು ಕಡ್ಡಿಗಳ ಮೇಲೆ ಓರೆಯಾಗಿ ನಿಲ್ಲಿಸಿ, ಹಿಗ್ಗುವ ಬಟ್ಟೆಯನ್ನು ರಿಂಗ್‌ನಿಂದ ಚಿಪ್ಪಿನ ಅಂಚಿನವರೆಗೆ ಬಿಗಿಯಾಗಿ ಎಳೆದು, ಅದಕ್ಕೆ ರೆಸಿನ್ ಕುಡಿಸಿದರು. ಗಟ್ಟಿಯಾದ ಮೇಲೆ ಒಳಗಿನಿಂದ ಮ್ಯಾಟ್. ಮುಂಭಾಗದ ಆ ಚಂದದ ಬಾಗು ಬರುವುದು ಹೀಗೆ. ಬಾಗು ಚಂದಕ್ಕೆ ಮಾತ್ರ ಅಲ್ಲ. ಸಪಾಟು ಹಲಗೆ ಸೌಂಡಿಗೆ ತಾನೂ ನಡುಗುತ್ತದೆ, ಬಾಗಿದ ಗೋಡೆ ಅಷ್ಟು ಸುಲಭಕ್ಕೆ ಅಲುಗುವುದಿಲ್ಲ.

ನನಗೆ ಅತ್ಯಂತ ಇಷ್ಟವಾದದ್ದು ಆಮೇಲಿನ ಪರೀಕ್ಷೆ. ಗಾತ್ರ ಸರಿ ಇದೆಯಾ ಅಂತ ನೋಡಲು ಥರ್ಮಾಕೋಲ್ ಕಾಳು ತುಂಬಿ ಅಳೆಯುವ ರೂಢಿ ಇದೆ. ನಾನೂ ಒಂದು ಚೀಲ ಕಾಳು ತಂದಿದ್ದೆ. ಅಣ್ಣ ಅದನ್ನು ಬದಿಗಿಟ್ಟು, ವೈರಿನ ತೂತಿಗೆ ಬಿರಡೆ ಹಾಕಿ, ಪೆಟ್ಟಿಗೆಯ ಬಾಯಿ ಮೇಲೆ ಮಾಡಿ, ಲೀಟರ್ ಮಗ್ಗಿನಲ್ಲಿ ಬಾವಿ ನೀರು ಹೊಯ್ಯತೊಡಗಿದರು! ಬಾಯಿವರೆಗೆ ತುಂಬುವಾಗ 22 ಲೀಟರ್. ನನಗೆ ಬೇಕಾದ್ದಕ್ಕಿಂತ ಅರ್ಧ ಲೀಟರ್ ಜಾಸ್ತಿ, ಸೀಲ್ಡ್ ಪೆಟ್ಟಿಗೆಯಲ್ಲಿ ಅದು ಲೆಕ್ಕಕ್ಕೇ ಇಲ್ಲ. ನೀರನ್ನು ಅವರು ಹಾಗೇ ಬಿಟ್ಟು ಚಾ ಕುಡಿಯಲು ಕರೆದರು. ಬಂದು ನೋಡಿದರೆ ರಿಂಗ್ ಕೆಳಗೆ ಬೆರಳಗಲ ಜಾಗದಲ್ಲಿ ಬೆವರಿದ ಹಾಗೆ ಪಸೆ. ಅಷ್ಟಕ್ಕೆ ಪೆನ್ಸಿಲ್ ಗುರುತು ಹಾಕಿ, ನೀರು ಚೆಲ್ಲಿ, ಬಿಸಿಲಿಗೆ ಒಣಗಿಸಿ, ಒಳಗಿನಿಂದ ಎರಡು ತೇಪೆ ಹಾಕಿದರು. ನೀರು ಹೋಗದ ಕಡೆ ಗಾಳಿಯೂ ಹೋಗುವುದಿಲ್ಲ ಅಂತ ಪೂರ್ತಿ ಹೇಳುವ ಹಾಗಿಲ್ಲ, ಆದರೆ ನೀರು ಬಂದ ಕಡೆ ಗಾಳಿ ಖಂಡಿತ ಬರುತ್ತದೆ. ಸ್ಪೀಕರ್ ಹಾಕಿದ ಮೇಲೆ ಅದರ ಮುಂದಿನ ಅಲುಗುವ ಕೋನನ್ನು ಮೆಲ್ಲ ಒತ್ತಿ ಬಿಟ್ಟು ನೋಡಿದೆ. ನಿಧಾನಕ್ಕೆ ವಾಪಸ್ ಬಂತು. ಸೋರುವ ಪೆಟ್ಟಿಗೆಯಲ್ಲಿ ಪಟಕ್ಕನೆ ಬರುತ್ತದೆ.

ಈಗ ಸೌಂಡ್. ನಾನು ಮದ್ದಳೆ ಕಲಿಯುವವ. ಕಾರಿನಲ್ಲಿ ಜಾಸ್ತಿ ಕೇಳುವುದು ಯಕ್ಷಗಾನದ ರೆಕಾರ್ಡಿಂಗ್. ಕಂಪನಿ ಸ್ಪೀಕರಿನಲ್ಲಿ ಮದ್ದಳೆಯ ಬಲಗೈ ಕೇಳುತ್ತದೆ, ಎಡಗೈಯ ತಗ್ಗು ದನಿಯ ಪೆಟ್ಟು ಎಲ್ಲೋ ಕಳೆದುಹೋಗುತ್ತದೆ. ಈಗ ಆ ಎಡಗೈ ಬಿಡಿಬಿಡಿಯಾಗಿ ಕೇಳುತ್ತದೆ, ಒಂದು ಪೆಟ್ಟಿನ ಬಾಲ ಇನ್ನೊಂದರ ಮೇಲೆ ಬೀಳುವುದಿಲ್ಲ. ಅಷ್ಟಮಿ ಸಮಯದಲ್ಲಿ ರೆಕಾರ್ಡ್ ಮಾಡಿದ ಹುಲಿವೇಷದ ತಾಸೆ, ಡೋಲು ಹಾಕಿ ನೋಡಿದೆ. ತಾಸೆಯ ಕಟಕಟ ಮುಂದಿನ ಸ್ಪೀಕರಿನಲ್ಲಿ, ಡೋಲಿನ ಪೆಟ್ಟು ಬೆನ್ನಿಗೆ. ತಗ್ಗು ದನಿಯನ್ನು ಮಾತ್ರ ಸಬ್‌ವೂಫರಿಗೆ ಬಿಡುವ ಆಂಪ್ಲಿಫೈಯರಿನ ಲೋ ಪಾಸ್ ಫಿಲ್ಟರನ್ನು 80 ಹರ್ಟ್ಸ್‌ಗೆ ಇಟ್ಟಿದ್ದೇನೆ. ಕಿಟಕಿ ಗಾಜು ನಡುಗುವಷ್ಟು ಅಬ್ಬರ ಬೇಕಾದವರು ಪೋರ್ಟ್ ಇರುವ ಪೆಟ್ಟಿಗೆ ನೋಡಿ. ಅದರ ಕೊಳವೆಯ ಉದ್ದ, ಅಗಲದ ಲೆಕ್ಕ ಬೇರೆ, ಜಾಗವೂ ಜಾಸ್ತಿ ಬೇಕು.

ಇನ್ನು ಕೊರತೆಗಳು. ಪುಟ್ಟಿ ಹಾಕಿ ಉಜ್ಜಿದ ಮೇಲೂ ಹೊರಮೈ ಅಂಗಡಿಯ ಮಾಲಿನಷ್ಟು ನಯ ಇಲ್ಲ. ಬಣ್ಣ ಹೊಡೆದರೆ ಅಲೆ ಕಾಣುತ್ತದೆ. ನಾನು ಉಡುಪಿಯಲ್ಲಿ ಸೀಟ್ ಕವರ್ ಹೊಲಿಯುವವರ ಹತ್ತಿರ ಕಪ್ಪು ಕಾರ್ಪೆಟ್ ಹಾಕಿಸಿದೆ, ಎಲ್ಲಾ ಮುಚ್ಚಿಹೋಯಿತು. ರೆಸಿನ್ ವಾಸನೆ ಬೇಗ ಹೋಗುವುದಿಲ್ಲ. ಸ್ಪೀಕರ್ ಹಾಕುವ ಮೊದಲು ಪೆಟ್ಟಿಗೆಯನ್ನು ಕೆಲವು ವಾರ ಟೆರೇಸಿನಲ್ಲಿ ಬಾಯಿ ತೆರೆದು ಬಿಸಿಲಿಗೆ ಇಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದನ್ನು ಬಿಡಲೇಬೇಡಿ. ಬಿಲ್ಲು, ಗ್ಯಾರಂಟಿ ಏನೂ ಇಲ್ಲ. ಸಾಮಾನು, ಕೂಲಿ ಸೇರಿ ನನ್ನಿಂದ 9,500 ರೂಪಾಯಿ ತೆಗೆದುಕೊಂಡರು. ಕಾರ್ಪೆಟ್ ಖರ್ಚು ಬೇರೆ. ರೆಡಿಮೇಡ್ ಪೆಟ್ಟಿಗೆಗಿಂತ ತುಟ್ಟಿ ನಿಜ, ಆದರೆ ಆ ಕೈಕೆಲಸಕ್ಕೆ ನನಗೆ ಒಂದು ರೂಪಾಯಿಯೂ ಜಾಸ್ತಿ ಅನಿಸಲಿಲ್ಲ.

ವೈರಿಂಗ್ ಅವರು ಮುಟ್ಟುವುದಿಲ್ಲ. ಅದನ್ನು ಗೊತ್ತಿರುವವರ ಹತ್ತಿರ ಮಾಡಿಸಿ, ನೀವೂ ಪಕ್ಕದಲ್ಲೇ ನಿಂತಿರಿ. ನಾನು ಹೋದ ಒಂದು ಕಡೆ ಫ್ಯೂಸನ್ನು ಆಂಪ್ಲಿಫೈಯರ್ ಹತ್ತಿರ ಹಾಕಲು ಹೊರಟಿದ್ದರು. ಫ್ಯೂಸ್ ಇರಬೇಕಾದ್ದು ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ. ಇಲ್ಲವಾದರೆ ನಡುವೆ ವೈರ್ ಸವೆದು ಕಾರಿನ ಲೋಹದ ಮೈಗೆ ತಾಗಿದಾಗ ತಡೆಯುವುದು ಯಾರು?

ಹೋಗುವ ಕಾಲವೂ ಮುಖ್ಯ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಬೋಟುಗಳೆಲ್ಲ ರಿಪೇರಿಗೆ ದಡಕ್ಕೆ ಬರುತ್ತವೆ, ಅಣ್ಣನಿಗೆ ತಲೆ ತುರಿಸಲೂ ಪುರುಸೊತ್ತಿರುವುದಿಲ್ಲ. ಮೇಲಿಂದ ಮಳೆಯ ತೇವಕ್ಕೆ ರೆಸಿನ್ ಸರಿಯಾಗಿ ಗಟ್ಟಿಯಾಗುವುದಿಲ್ಲ, ಮೈ ಅಂಟಂಟಾಗಿ ಉಳಿಯುತ್ತದೆ. ನಾನು ಮಾಡಿಸಿದ್ದು ಡಿಸೆಂಬರಿನಲ್ಲಿ, ಒಳ್ಳೆ ಬಿಸಿಲಿತ್ತು. ದೀಪಾವಳಿ ಕಳೆದ ಮೇಲೆ ಹೋಗಿ. ಸಬ್‌ವೂಫರಿನ ಫೋಟೋ ತೋರಿಸಿದರೆ ಸಾಲದು, ಸ್ಪೀಕರನ್ನೇ ತೆಗೆದುಕೊಂಡು ಹೋಗಿ. ರಿಂಗಿನ ಅಳತೆಯನ್ನು ಅವರು ಅದನ್ನು ಕವುಚಿ ಹಾಕಿ ಗೆರೆ ಎಳೆದೇ ತೆಗೆಯುತ್ತಾರೆ.