ನವೋದಯ ಪರೀಕ್ಷೆ: ಕೋಚಿಂಗೋ, ಮನೆಯೋ?

ನವೋದಯ ಶಾಲೆಯ ಆರನೇ ತರಗತಿಗೆ ಸೇರಲು ಬರೆಯುವ ಪರೀಕ್ಷೆಗೆಂದು ಐದನೇ ತರಗತಿಯ ಮಗುವನ್ನು ಕೋಚಿಂಗ್‌ಗೆ ಹಾಕಬೇಕೇ, ಮನೆಯಲ್ಲೇ ಓದಿಸಿದರೆ ಆಗುತ್ತದೆಯೇ ಎಂದು ಕೇಳಿದ್ದೀರಿ. ಪ್ರಶ್ನೆಪತ್ರಿಕೆಯನ್ನೇ ಮೊದಲು ನೋಡಿ: 80 ಪ್ರಶ್ನೆ, 100 ಅಂಕ, 2 ಗಂಟೆ. 40 ಪ್ರಶ್ನೆ ಮಾನಸಿಕ ಸಾಮರ್ಥ್ಯದ್ದು. ಗಣಿತ, ಭಾಷೆಗೆ ತಲಾ 20. ಎರಡನೇ ಸಲ ಬರೆಯಲು ಅವಕಾಶವಿಲ್ಲ.

ಖರ್ಚಿನ ಮಾತೇ ಬೇಡ, ಮನೆಯೇ ಅಗ್ಗ. ಹಳೆಯ ಪ್ರಶ್ನೆಪತ್ರಿಕೆಗಳು, ಒಂದು ಗಡಿಯಾರ ಇದ್ದರಾಯಿತು.

ಮಾನಸಿಕ ಸಾಮರ್ಥ್ಯದಲ್ಲೂ ನನ್ನ ಒಲವು ಮನೆಯ ಕಡೆಗೇ. ಕಾಗದ ಮಡಚಿ ತೂತು ಮಾಡಿದರೆ ಬಿಚ್ಚಿದಾಗ ಹೇಗೆ ಕಾಣುತ್ತದೆ ಎಂಬ ಪ್ರಶ್ನೆ ಬರುತ್ತದಲ್ಲ, ಅದನ್ನು ಮಗುವಿನ ಕೈಯಲ್ಲೇ ಮಾಡಿಸಿ. ಕನ್ನಡಿ ಬಿಂಬಕ್ಕೆ ಕನ್ನಡಿಯನ್ನೇ ಹಿಡಿಯಿರಿ. ತುಂಬಿದ ತರಗತಿಯಲ್ಲಿ ಇಷ್ಟು ಪುರುಸೊತ್ತು ಯಾರಿಗಿದೆ? ಆದರೆ ಗಣಿತದಲ್ಲಿ ಭಿನ್ನರಾಶಿ, ಶೇಕಡಾವಾರು ಹೇಳಿಕೊಡಲು ನಿಮಗೇ ತಡವರಿಕೆಯಾದರೆ ಪಟ್ಟು ಹಿಡಿಯಬೇಡಿ, ಕೋಚಿಂಗೇ ವಾಸಿ.

ವೇಗದಲ್ಲಿ ಕೋಚಿಂಗ್ ಮುಂದು. ಅಪರಿಚಿತರ ನಡುವೆ ಕೂತು ಉತ್ತರ ಗುರುತಿಸುವ ಒಎಂಆರ್ ಹಾಳೆಯ ವೃತ್ತ ತುಂಬುವ ಅಭ್ಯಾಸ ಮನೆಯಲ್ಲಿ ಅಷ್ಟಾಗಿ ಆಗದು. ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವುದನ್ನೂ ಖಾಲಿ ಬಿಡಬಾರದೆಂದು ಮಾತ್ರ ಎಲ್ಲಿದ್ದರೂ ಕಲಿಸಿ.

ಸಂಜೆ ಒಂದು ಗಂಟೆ ತಪ್ಪದೆ ಕೂರಬಲ್ಲಿರಾದರೆ ಮನೆಯೇ ಸಾಕು. ಇಬ್ಬರೂ ದುಡಿಯಲು ಹೋಗಿ ಕತ್ತಲಾದ ಮೇಲೆ ಬರುವವರಾದರೆ ಹತ್ತಿರದ ಕೋಚಿಂಗ್ ನೋಡಿ. ಹತ್ತು ವರ್ಷದ ಮಗುವನ್ನು ಬರೀ ತಯಾರಿಗೆಂದು ಹಾಸ್ಟೆಲ್ಲಿಗೆ ಬಿಡುವುದಕ್ಕೆ ಮಾತ್ರ ನನ್ನ ಮನಸ್ಸು ಒಪ್ಪದು. ಪಾಠ ಮನೆಯಲ್ಲಿ, ವಾರಕ್ಕೊಂದು ಅಣಕು ಪರೀಕ್ಷೆ ಹೊರಗೆ ಎಂದೂ ಮಾಡಬಹುದು. ಅಷ್ಟಕ್ಕೇ ಸೇರಿಸಿಕೊಳ್ಳುತ್ತಾರೆಯೇ ವಿಚಾರಿಸಿ.