ನಿಧಾನದ ಡಿಕ್ಕಿಗೆ ಯಾವ ಲೆಕ್ಕ? ಮೂರು ವಿಧಾನ ಮಾಡಿ ನೋಡಿದ ಮೇಲೆ

ಪ್ರೋಟಾನ್ ಬಂದು ಹೈಡ್ರೋಜನ್ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಬಿಡುಗಡೆ ಮಾಡುವ (ಅಯಾನೀಕರಣದ) ಲೆಕ್ಕವನ್ನು ಶಿರಸಿಯ ಮನೆಯಲ್ಲಿ, ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ, ಮೂರು ವಿಧಾನಗಳಿಂದ ಮಾಡಿದ್ದೇನೆ. ಪ್ರಾಜೆಕ್ಟಿಗೆ ಯಾವುದನ್ನು ಹಿಡಿಯಲಿ ಎಂದು ಶಿರಸಿ, ಕಾರವಾರದ ಎಂ.ಎಸ್ಸಿ. ಹುಡುಗರು ಕೇಳುತ್ತಿರುತ್ತಾರೆ. ಅವರಿಗಾಗಿ ಇದು.

ಹೈಡ್ರೋಜನ್ನಿನೊಳಗೆ ಎಲೆಕ್ಟ್ರಾನಿನ ವೇಗ ಸೆಕೆಂಡಿಗೆ ಸುಮಾರು 2,190 ಕಿ.ಮೀ. ಅದೇ ವೇಗದ ಪ್ರೋಟಾನಿನ ಶಕ್ತಿ 25 ಕೆ.ಇ.ವಿ., ಅಂದರೆ 25 ಸಾವಿರ ಎಲೆಕ್ಟ್ರಾನ್ ವೋಲ್ಟ್. ಅದಕ್ಕಿಂತ ಕೆಳಗಿನದೆಲ್ಲ ನಿಧಾನದ ಡಿಕ್ಕಿ. ಅಲ್ಲಿ, ಡಿಕ್ಕಿಯನ್ನು ಪರಮಾಣುವಿಗೆ ಬಿದ್ದ ಸಣ್ಣ ತಳ್ಳು ಎಂದಷ್ಟೇ ಎಣಿಸುವ ಬಾರ್ನ್ ಅಂದಾಜನ್ನು ಬಿಟ್ಟೇಬಿಡಿ. ಪ್ರೋಟಾನ್ ಎಲೆಕ್ಟ್ರಾನನ್ನು ತನ್ನ ಜೊತೆಗೇ ಒಯ್ಯುವ ದಾರಿಗೆ ಅದರಲ್ಲಿ ಜಾಗವಿಲ್ಲ. ನಿಧಾನದ ಡಿಕ್ಕಿಯಲ್ಲಿ ಹೆಚ್ಚಾಗಿ ಆಗುವುದೇ ಅದು.

ಮೊದಲನೆಯದು ಅಬ್ರೈನ್ಸ್ ಮತ್ತು ಪರ್ಸಿವಲ್ 1966ರಲ್ಲಿ ಕೊಟ್ಟ ಕ್ಲಾಸಿಕಲ್ ಮಾಂಟೆ ಕಾರ್ಲೊ. ಎಲೆಕ್ಟ್ರಾನನ್ನು ಸಣ್ಣ ಗೋಲಿಯಂತೆ ನೋಡಿ, ಯಾದೃಚ್ಛಿಕವಾಗಿ ಆರಿಸಿದ ಆರಂಭಗಳಿಂದ ಅನೇಕ ಪಥ ಓಡಿಸಿ, ಎಷ್ಟರಲ್ಲಿ ಅದು ಬಿಡುಗಡೆಯಾಯಿತು ಎಂದು ಎಣಿಸುವುದು. ನ್ಯೂಟನ್ನಿನ ಸಮೀಕರಣ ಬಿಡಿಸಲು ಬಂದರೆ ಸಾಕು, ಕೋಡ್ ಬರೆಯಬಹುದು. ಒಂದೊಂದು ಪಥವೂ ಬೇರೆ ಬೇರೆ, ಹಾಗಾಗಿ ಆಷಾಢದ ಮಳೆಗೆ ಕರೆಂಟ್ ಹೋದರೂ ಆಗಿರುವಷ್ಟು ಲೆಕ್ಕ ಕೈಯಲ್ಲೇ ಇರುತ್ತದೆ. ನಮ್ಮೂರಲ್ಲಿ ಇದು ಸಣ್ಣ ಅನುಕೂಲವಲ್ಲ. 50 ಕೆ.ಇ.ವಿ. ಆಸುಪಾಸಿನಲ್ಲಿ ಉತ್ತರವೂ ಚೆನ್ನಾಗಿ ಬರುತ್ತದೆ. ಬೆಲ್‌ಫಾಸ್ಟಿನಲ್ಲಿ ಶಾ, ಎಲಿಯಟ್, ಗಿಲ್ಬಡಿ 1987ರಲ್ಲಿ ಪ್ರಕಟಿಸಿದ 9ರಿಂದ 75 ಕೆ.ಇ.ವಿ. ಅಳತೆಗಳನ್ನು ಪಕ್ಕದಲ್ಲಿಟ್ಟು ಕೆಳಗಿಳಿಯುತ್ತ ಹೋದರೆ ಮಾತ್ರ ಲೆಕ್ಕದ ಕ್ರಾಸ್ ಸೆಕ್ಷನ್ (ಅಯಾನೀಕರಣದ ಸಂಭವವನ್ನು ಅಳೆಯುವ ಸಂಖ್ಯೆ) ಅಳತೆಗಿಂತ ಬೇಗ ಕುಸಿಯುತ್ತದೆ. ಇದಕ್ಕೆ ಒಂದು ಕಾರಣ ಆರಂಭದ ಹಂಚಿಕೆಯಲ್ಲೇ ಇದೆ. ಕ್ಲಾಸಿಕಲ್ ಎಲೆಕ್ಟ್ರಾನ್ ಎರಡು ಬೋರ್ ತ್ರಿಜ್ಯ (ಹೈಡ್ರೋಜನ್ ಪರಮಾಣುವಿನ ಗಾತ್ರದ ಅಳತೆಗೋಲು) ದಾಟಿ ಹೋಗಲಾರದು. ಕ್ವಾಂಟಮ್ ಎಲೆಕ್ಟ್ರಾನ್ ಅದರಾಚೆ ಇರುವ ಸಂಭವ ಶೇ 24ರಷ್ಟಿದೆ. ಜೊತೆಗೆ ಅಯಾನೀಕರಣವೇ ಅಪರೂಪವಾದಾಗ ಸಾವಿರಾರು ಪಥ ಓಡಿಸಿದರೂ ಕೈಗೆ ಸಿಗುವುದು ಬೆರಳೆಣಿಕೆಯಷ್ಟು. 10 ಕೆ.ಇ.ವಿ. ಕೆಳಗೆ ನಾನು ಇದನ್ನು ನಂಬುವುದಿಲ್ಲ.

ಎರಡನೆಯದು ಕ್ಲೋಸ್ ಕಪ್ಲಿಂಗ್. ಎರಡೂ ನ್ಯೂಕ್ಲಿಯಸ್‌ಗಳ ಮೇಲೆ ಪರಮಾಣು ಸ್ಥಿತಿಗಳನ್ನು ಕೂರಿಸಿ, ಮುಕ್ತ ಎಲೆಕ್ಟ್ರಾನಿಗೆ ಸ್ಯೂಡೊಸ್ಟೇಟ್‌ಗಳನ್ನು (ಅದರ ಎಣಿಕೆಯಿಲ್ಲದ ಸ್ಥಿತಿಗಳ ಬದಲಿಗೆ ನಿಲ್ಲುವ ಕೆಲವೇ ಕೃತಕ ಸ್ಥಿತಿಗಳನ್ನು) ಸೇರಿಸಿ, ಶ್ರೋಡಿಂಗರ್ ಸಮೀಕರಣವನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸುವುದು. ಬೇಟ್ಸ್ ಮತ್ತು ಮೆಕ್ಯಾರಲ್ 1958ರಲ್ಲಿ ತೋರಿಸಿದ ಟ್ರಾನ್ಸ್‌ಲೇಶನ್ ಫ್ಯಾಕ್ಟರ್, ಅಂದರೆ ಎಲೆಕ್ಟ್ರಾನ್ ನ್ಯೂಕ್ಲಿಯಸ್ಸಿನ ಜೊತೆ ಚಲಿಸುವುದನ್ನು ಲೆಕ್ಕಕ್ಕೆ ತರುವ ಗುಣಕ, ಹಾಕದೆ ಹೋದರೆ ನ್ಯೂಕ್ಲಿಯಸ್‌ಗಳು ದೂರ ಸರಿದ ಮೇಲೂ ಸ್ಥಿತಿಗಳು ಒಂದನ್ನೊಂದು ಕಲಕುತ್ತಲೇ ಇರುತ್ತವೆ. ಎಲೆಕ್ಟ್ರಾನ್ ಒಯ್ಯುವ ಲೆಕ್ಕಕ್ಕೆ ಇದರಷ್ಟು ಒಳ್ಳೆಯದು ಬೇರೆ ಕಾಣೆ. ಅಯಾನೀಕರಣಕ್ಕೆ ಬಂದರೆ, ಸ್ಯೂಡೊಸ್ಟೇಟ್ ಒಂದೆರಡು ಹೆಚ್ಚಿಸಿದರೂ ಉತ್ತರ ಅಲುಗಾಡುತ್ತದೆ.

ಯಾಕೆ ಎಂಬುದೇ ಈ ವಿಷಯದ ಹೃದಯ. ನಿಧಾನದ ಡಿಕ್ಕಿಯಲ್ಲಿ ಬಿಡುಗಡೆಯಾಗುವ ಎಲೆಕ್ಟ್ರಾನುಗಳಲ್ಲಿ ಬಹಳಷ್ಟು ಎರಡೂ ನ್ಯೂಕ್ಲಿಯಸ್‌ಗಳ ನಡುವಿನ ಸ್ಯಾಡಲ್ ಪಾಯಿಂಟಿನಲ್ಲಿ, ಎರಡರ ಸೆಳೆತವೂ ಸಮವಾಗುವ ಜಾಗದಲ್ಲಿ, ಉಳಿದುಬಿಡುತ್ತವೆ. ದೇವಿಮನೆ ಘಟ್ಟದ ನೆತ್ತಿಗೆ ಬಿದ್ದ ಮಳೆನೀರು ಶಿರಸಿ ಕಡೆಗೂ ಇಳಿಯದೆ, ಕುಮಟೆ ಕಡೆಗೂ ಇಳಿಯದೆ ನಿಂತಂತೆ. ಎರಡು ತುದಿಗಳಲ್ಲಷ್ಟೇ ಸ್ಥಿತಿಗಳನ್ನಿಟ್ಟರೆ ನಡುವಿನ ಎಲೆಕ್ಟ್ರಾನನ್ನು ಹಿಡಿಯುವವರು ಯಾರು? ವಿಂಟರ್ ಮತ್ತು ಲಿನ್ 1984ರಲ್ಲಿ ನಡುವೆಯೇ ಮೂರನೆಯ ಕೇಂದ್ರ ಕೂರಿಸಿ ಲೆಕ್ಕ ಮಾಡಿದ್ದು ಇದಕ್ಕೇ. ನಾನೂ ಹಾಗೆ ಮಾಡಿದಾಗ ಅಲುಗಾಟ ಕಡಿಮೆಯಾಯಿತು. ಮ್ಯಾಟ್ರಿಕ್ಸ್ ಲೆಕ್ಕ ಮಾತ್ರ ರಾತ್ರಿಯಿಡೀ ಓಡುತ್ತದೆ, ನಡುನಡುವೆ ಫೈಲಿಗೆ ಉಳಿಸಿಕೊಳ್ಳುತ್ತಿರಬೇಕು.

ಮೂರನೆಯದು ಸೊಲೊವ್ಯೋವ್ ಬೆಳೆಸಿದ ಹಿಡನ್ ಕ್ರಾಸಿಂಗ್. ನನಗೆ ತೀರಾ ಇಷ್ಟವಾದದ್ದು. ನ್ಯೂಕ್ಲಿಯಸ್‌ಗಳ ನಡುವಿನ ದೂರವನ್ನು ಸಂಕೀರ್ಣ ಸಂಖ್ಯೆಯಾಗಿ ನೋಡಿದರೆ, ವಾಸ್ತವ ದೂರಗಳಲ್ಲಿ ಎಲ್ಲೂ ಕೂಡದ ಶಕ್ತಿಮಟ್ಟಗಳು ಕೆಲವು ಬಿಂದುಗಳಲ್ಲಿ ಕೂಡಿಕೊಳ್ಳುತ್ತವೆ. ಎಲೆಕ್ಟ್ರಾನ್ ಮಟ್ಟದಿಂದ ಮಟ್ಟಕ್ಕೆ ಏರುವುದು ಆ ಬಿಂದುಗಳ ಮೂಲಕ. ಅವುಗಳಲ್ಲಿ ಟಿ-ಸರಣಿ ಎಂಬ ಗುಂಪಿನ ಬಿಂದುಗಳು ಎಲೆಕ್ಟ್ರಾನನ್ನು ನೇರ ಸ್ಯಾಡಲ್ ಪಾಯಿಂಟಿಗೆ ಒಯ್ಯುತ್ತವೆ. ಬಿಂದುಗಳನ್ನು ಒಮ್ಮೆ ಹುಡುಕಿಟ್ಟುಕೊಂಡರೆ ಎಲ್ಲ ವೇಗಗಳಿಗೂ ಅವೇ ಸಾಕು, ವೇಗ ಬರುವುದು ಸಂಭವದ ಸೂತ್ರದಲ್ಲಿ, ಘಾತದ ಛೇದದಲ್ಲಿ ಮಾತ್ರ. ಉತ್ತರ ನಿಮಿಷಗಳಲ್ಲಿ ಸಿಗುತ್ತದೆ. ಆದರೆ ಆ ಹುಡುಕಾಟಕ್ಕೆ ಗಣಿತದ ತಯಾರಿ ಬೇಕು, ಮತ್ತು 25 ಕೆ.ಇ.ವಿ. ಸಮೀಪಿಸಿದಂತೆ ವಿಧಾನದ ಆಧಾರವೇ ಸಡಿಲವಾಗುತ್ತದೆ.

ಒಂದು ಸೆಮಿಸ್ಟರ್ ಮಾತ್ರ ಇದ್ದರೆ ಮಾಂಟೆ ಕಾರ್ಲೊ ಹಿಡಿಯಿರಿ, ಆದರೆ 25ರಿಂದ ಮೇಲಿನ ಶಕ್ತಿಗೆ. ಕೆಳಗೆ ನಿಜವಾಗಿ ಏನಾಗುತ್ತದೆ ಎಂದು ತಿಳಿಯುವ ಆಸೆಯಿದ್ದವರು ಹಿಡನ್ ಕ್ರಾಸಿಂಗ್ ಕಲಿಯಿರಿ. ನಂಬಿ ಬಳಸಬಹುದಾದ ಅಂಕಿಯೇ ಬೇಕಾದರೆ ಮೂರು ಕೇಂದ್ರದ ಕ್ಲೋಸ್ ಕಪ್ಲಿಂಗ್. ಪ್ರೋಟಾನಿನ ಬದಲು ಹೀಲಿಯಂ ನ್ಯೂಕ್ಲಿಯಸ್ ತೆಗೆದುಕೊಂಡವರು ಮೂರನೆಯ ಕೇಂದ್ರವನ್ನು ಸರಿನಡುವೆ ಇಡಬೇಡಿ. ಸ್ಯಾಡಲ್ ಪಾಯಿಂಟ್ ಹೈಡ್ರೋಜನ್ ಕಡೆಗೆ ಸರಿದು, ಅದರ ನ್ಯೂಕ್ಲಿಯಸ್ಸಿನಿಂದ ಒಟ್ಟು ದೂರದ 0.41 ಪಾಲಿನಲ್ಲಿರುತ್ತದೆ.