ದಾವಣಗೆರೆಯಲ್ಲಿ ದೋಸೆಯೋ, ಚಳ್ಳಕೆರೆಯಲ್ಲಿ ಗಾಣವೋ?

ಕೈಯಲ್ಲಿ ಒಂದಿಷ್ಟು ದುಡ್ಡಿದೆ, ಸ್ವಂತ ಉದ್ಯಮ ಮಾಡಬೇಕು ಅನ್ನುವವರಿಗೆ ನಮ್ಮ ಕಡೆ ಥಟ್ಟನೆ ಹೊಳೆಯುವುದು ಎರಡು: ಬೆಣ್ಣೆದೋಸೆ ಹೋಟೆಲ್, ಇಲ್ಲವೇ ಶೇಂಗಾ ಎಣ್ಣೆಯ ಮರಗಾಣ. ಹಾರ್ವರ್ಡ್‌ನ ಉದ್ಯಮ ತಜ್ಞ ಮೈಕಲ್ ಪೋರ್ಟರ್ 1979ರಲ್ಲಿ ಹೇಳಿದ ಐದು ಪೈಪೋಟಿ ಶಕ್ತಿಗಳನ್ನು (ಹೊಸಬರು ನುಗ್ಗುವ ಭಯ, ಗಿರಾಕಿಯ ಹಿಡಿತ, ಸರಕು ಒದಗಿಸುವವರ ಹಿಡಿತ, ಬದಲಿ ಸರಕು, ಈಗಾಗಲೇ ಇರುವವರ ಪೈಪೋಟಿ) ಇವೆರಡಕ್ಕೂ ಹಚ್ಚಿ ನೋಡೋಣ.

ದೋಸೆಗೆ ಬಾಗಿಲು ಅಗಲ. ಕಾವಲಿ, ಒಲೆ, ಒಬ್ಬ ಒಳ್ಳೆ ಭಟ್ಟ ಇದ್ದರೆ ಶುರು. ನೀವು ಸುಲಭವಾಗಿ ನುಗ್ಗಿದ ಬಾಗಿಲಲ್ಲೇ ನಾಳೆ ಪಕ್ಕದವನೂ ನುಗ್ಗುತ್ತಾನೆ. ಗಿರಾಕಿಗೆ ಅಂಗಡಿ ಬದಲಿಸಲು ಖರ್ಚು ಸೊನ್ನೆ, ರಸ್ತೆ ದಾಟಿದರೆ ಸಾಕು. ಬೆಣ್ಣೆ ದರ ಏರಿದರೂ ದೋಸೆ ದರ ಏರಿಸಲು ಧೈರ್ಯ ಬರುವುದಿಲ್ಲ. ಭಟ್ಟ ಬಿಟ್ಟುಹೋದರಂತೂ ರುಚಿಯೂ ಅವನ ಹಿಂದೆಯೇ ಹೋಯಿತು!

ಗಾಣದ ಬಾಗಿಲು ಕಿರಿದು. ಯಂತ್ರ, ಆಹಾರ ಸುರಕ್ಷತಾ ಪರವಾನಗಿ, ಜೊತೆಗೆ ಪ್ಯಾಕಿಂಗ್; ಬಿಡಿ ಎಣ್ಣೆ ಮಾರಾಟಕ್ಕೆ 2011ರ ನಿಯಮಗಳ ನಿರ್ಬಂಧವಿದೆ. ಒಂದು ಲೀಟರಿಗೆ ಸುಮಾರು ಎರಡೂವರೆ ಕಿಲೋ ಬೀಜ ಬೇಕು. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯನ್ನು ಮಾರಿದರೆ ಸ್ವಲ್ಪ ದುಡ್ಡು ವಾಪಸ್. ಎಣ್ಣೆ ಗಿರಣಿಗಳಿಗೇ ಹೆಸರಾದ ಚಳ್ಳಕೆರೆಯಲ್ಲಿ ಬೀಜ ಸಿಗುತ್ತದೆ, ಆದರೆ ಮಳೆ ಕೈಕೊಟ್ಟ ವರ್ಷ ದರ ಹೇಳುವವರು ನೀವಲ್ಲ. ನಿಜವಾದ ಎದುರಾಳಿ ಪಕ್ಕದ ಗಾಣವಲ್ಲ, ಆಮದಾಗುವ ತಾಳೆ ಎಣ್ಣೆ.

ಬಂಡವಾಳ ಕಡಿಮೆಯಿದ್ದು, ದಿನವಿಡೀ ಕಾವಲಿ ಮುಂದೆ ನೀವೇ ನಿಲ್ಲುವುದಾದರೆ ದೋಸೆ. ಸುಗ್ಗಿಯಲ್ಲೇ ಬೀಜ ಕೊಂಡಿಡುವ ತಾಕತ್ತಿದ್ದರೆ ನನ್ನ ಓಟು ಗಾಣಕ್ಕೆ. ಸಾಲ ಮಾಡಿ ಬೀಜ ಕೊಳ್ಳುವುದಾದರೆ ಮಾತ್ರ ಆ ಓಟು ವಾಪಸ್.